ಸನ್ಯಾಸಿಗಳ ಚೀಸೂ ನಮ್ಮ ಹಾಲಿನ ಕ್ಯಾನೂ

(ಹಾಲು ಉತ್ಪಾದಕರ ಸಂಘದ ಕಟ್ಟಡದ ಮುಂದೆ, ಸಂಜೆಯ ಹಾಲು ಹಾಕಿದ ಮೇಲೆ ಸೇರಿದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ. ಬ್ಲಾಕಿನ ಇತರ ಗ್ರಾಮಗಳವರಿಗೂ ಉಪಯೋಗವಾಗಲೆಂದು ಇಲ್ಲಿ ಅಚ್ಚು ಮಾಡಿದೆ.)



ಹಾಲು ಹಾಕಿ ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೊತ್ತಿನಲ್ಲಿ ನಿಮ್ಮನ್ನು ಕೂರಿಸಿಕೊಂಡಿದ್ದೇನೆ. ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಈ ದಿನ ಗೊಬ್ಬರದ ಮಾತಿಲ್ಲ, ಬೀಜದ ಮಾತೂ ಇಲ್ಲ. ದೂರದೇಶದ ಸನ್ಯಾಸಿಗಳು ಹಾಲಿನಿಂದ ಮಾಡಿಕೊಂಡು ಬಂದ ಒಂದು ಪದಾರ್ಥದ ಕಥೆ ಹೇಳುತ್ತೇನೆ. ಅದರ ಹೆಸರು ಚೀಸ್. ಕಥೆ ಎಲ್ಲಿಯದಾದರೂ ಅದು ಕೊನೆಗೆ ಬಂದು ನಿಲ್ಲುವುದು ಇದೇ ಕಟ್ಟೆಯ ಮೇಲಿರುವ ಕ್ಯಾನಿನ ಹತ್ತಿರವೇ.

ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ಕಳೆದ ಮಳೆಗಾಲದಲ್ಲಿ ನನ್ನ ವಲಯದ ಒಂದು ಹಳ್ಳಿಗೆ ಮೇವಿನ ತಾಕು ನೋಡಲು ಹೋಗಿದ್ದೆ. ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸುವ ತಾಯಿಯೊಬ್ಬರ ಮನೆ. ಕಾಫಿ ಕೊಡುತ್ತಾ ಆಕೆ, "ಕೆಂದ ಹಸುವಿಗೆ ಕೆಚ್ಚಲು ಬಾವು ಬಂದಿತ್ತು ಸಾರ್, ನಿನ್ನೆ ಇಂಜೆಕ್ಷನ್ ಕೊಡಿಸಿದೆ, ಈಗ ಪರವಾಗಿಲ್ಲ" ಎಂದರು. ನಾನು "ಒಳ್ಳೆಯದಾಯಿತು ಅಮ್ಮಾ" ಎಂದು ಹೇಳಿ, ಕಾಫಿ ಕುಡಿದು, ಮೇವು ನೋಡಿ ಬಂದುಬಿಟ್ಟೆ. ಆ ಹಸುವಿನ ಹಾಲು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ಮಾರನೆಯ ದಿನ ಪರೀಕ್ಷೆಯಲ್ಲಿ ಔಷಧದ ಅಂಶ ಸಿಕ್ಕಿತೆಂದು ಆ ಹಳ್ಳಿಯ ಅಷ್ಟೂ ಕ್ಯಾನು ಹಾಲು ವಾಪಸು ಬಂತು. ಮೂವತ್ತು ಮನೆಗಳ ಆ ದಿನದ ದುಡಿಮೆಯನ್ನು ಚರಂಡಿಗೆ ಸುರಿದರು. ಊರವರು ಆಕೆಯನ್ನು ಬೈದರು. ಆಕೆ ಮೂರು ದಿನ ಡೇರಿಯ ಕಡೆ ಮುಖ ತೋರಿಸಲಿಲ್ಲ. ಆದರೆ ತಿಳಿಯದೆ ಮಾಡಿದವರು ಆಕೆ, ತಿಳಿದೂ ಹೇಳದವನು ನಾನು. ಡಿಪ್ಲೊಮಾ ಓದಿದವನಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಆ ದಿನ ನನಗೆ ನಮ್ಮ ಮೇಷ್ಟ್ರು ಹಾಲಿನ ಪಾಠ ಮಾಡುವಾಗ ಹೇಳುತ್ತಿದ್ದ ಒಂದು ಮಾತು ನೆನಪಾಯಿತು. ಹಾಲಿನ ದೋಷ ಕಾಫಿಯಲ್ಲಿ ತಿಳಿಯುವುದಿಲ್ಲ, ಚೀಸಿನಲ್ಲಿ ತಿಳಿಯುತ್ತದೆ ಎಂದು ಅವರು ಹೇಳುತ್ತಿದ್ದರು. ಆದುದರಿಂದ ಈ ಕಥೆ.

ಚೀಸ್ ಎಂದರೇನು?

ಕೆಲವರು ಚೀಸನ್ನು ಗಿಣ್ಣು ಎನ್ನುತ್ತಾರೆ. ಅದು ನಮ್ಮ ಗಿಣ್ಣಲ್ಲ. ನಮ್ಮ ಗಿಣ್ಣು ಹಸು ಈದ ಹೊಸದರಲ್ಲಿ ಬರುವ ಹಾಲಿನಿಂದ ಆಗುವಂಥದು. ಚೀಸಾಗುವುದು ದಿನನಿತ್ಯದ ಹಾಲಿನಿಂದ. ಪನೀರನ್ನು ನೀವು ಬಲ್ಲಿರಿ: ಕಾದ ಹಾಲಿಗೆ ನಿಂಬೆಹುಳಿ ಹಿಂಡಿದರೆ ಹಾಲು ಒಡೆಯುತ್ತದೆ, ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿ ಒತ್ತಿದರೆ ಪನೀರು. ಚೀಸಿನಲ್ಲಿ ಹಾಲನ್ನು ಕುದಿಸಿ ಒಡೆಯುವುದಿಲ್ಲ. ಉಗುರುಬೆಚ್ಚಗಿರುವ ಹಾಲಿಗೆ ಮೊದಲು ಹೆಪ್ಪಿನಂಥ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಸೇರಿಸುತ್ತಾರೆ. ಬಳಿಕ ರೆನೆಟ್ ಎಂಬ ವಸ್ತುವನ್ನು ಹಾಕುತ್ತಾರೆ. ಆಗ ಹಾಲು ಸುಮಾರು ಅರ್ಧ ಗಂಟೆಯಲ್ಲಿ ಗಟ್ಟಿಮೊಸರಿನಂತೆ ಹೆಪ್ಪುಗಟ್ಟುತ್ತದೆ. ಅದನ್ನು ಕತ್ತರಿಸಿ, ಬೆಚ್ಚಗೆ ಮಾಡಿ ತಿರುವಿ, ನೀರು ಬಸಿದು, ಅಚ್ಚಿಗೆ ತುಂಬಿ ಒತ್ತಿ, ಉಪ್ಪು ಹಿಡಿಸಿ, ವಾರಗಟ್ಟಲೆ ತಿಂಗಳುಗಟ್ಟಲೆ ಮಾಗಲು ಬಿಡುತ್ತಾರೆ. ಮಾವಿನಕಾಯಿ ಮಾಗುವಂತೆ ಚೀಸೂ ಮಾಗುತ್ತದೆ. ಸುಮಾರು 10 ಲೀಟರ್ ಹಾಲಿಗೆ 1 ಕಿಲೋ ಗಟ್ಟಿ ಚೀಸು ಬರುತ್ತದೆ. ಉಳಿದ ನೀರೇ ಹಾಲೊಡಕು.

ರೆನೆಟ್ ಎಂದರೇನೆಂದು ನೀವು ಕೇಳುತ್ತೀರಿ, ಮುಚ್ಚಿಡುವುದಿಲ್ಲ. ಹಿಂದಿನ ಕಾಲದಲ್ಲಿ ಯೂರೋಪಿನವರು ಅದನ್ನು ಹಾಲು ಕುಡಿಯುವ ಕರುವಿನ ಹೊಟ್ಟೆಯ ನಾಲ್ಕನೆಯ ಭಾಗದಿಂದ ತೆಗೆಯುತ್ತಿದ್ದರು, ಈಗಲೂ ಹಲವೆಡೆ ತೆಗೆಯುತ್ತಾರೆ. ಸೂಕ್ಷ್ಮಜೀವಿಗಳಿಂದ ಪಡೆಯುವ ರೆನೆಟ್ಟೂ ಇದೆ. ನಮ್ಮ ದೇಶದ ಡೇರಿಗಳಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಅದೇ.

ಸನ್ಯಾಸಿಗಳಿಗೆ ಹಸು ಏಕೆ?

ಮುಂದೆ ಕುಳಿತಿರುವ ಅಜ್ಜನವರು ಆಗಲೇ ಕೇಳಿದರು, "ಎಲ್ಲಾ ಬಿಟ್ಟ ಸನ್ಯಾಸಿಗೆ ಹಸು ಕರು ಯಾತಕ್ಕಪ್ಪಾ?" ಎಂದು. ಅಜ್ಜಾ, ಸರಿಯಾದ ಪ್ರಶ್ನೆ. ಯೂರೋಪಿನ ಕ್ರೈಸ್ತ ಮಠಗಳಿಗೆ 6ನೆಯ ಶತಮಾನದಲ್ಲಿ ಬೆನೆಡಿಕ್ಟ್ ಎಂಬ ಸಂತರು ಒಂದು ನಿಯಮಾವಳಿ ಬರೆದರು. ಸನ್ಯಾಸಿಗಳು ಭಿಕ್ಷೆಯಿಂದಲ್ಲ, ತಮ್ಮ ಕೈಯ ದುಡಿಮೆಯಿಂದಲೇ ಬದುಕಬೇಕೆಂಬುದು ಅದರ ಸಾರಾಂಶಗಳಲ್ಲೊಂದು. ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ರೋಗಿಗಳ ಹೊರತು ಬೇರೆಯವರು ತಿನ್ನಬಾರದೆಂಬುದೂ ಅದರಲ್ಲಿದೆ. ಮಾಂಸವಿಲ್ಲದ ಊಟಕ್ಕೆ ಬೇಳೆ, ತರಕಾರಿಯ ಜೊತೆಗೆ ಹಾಲಿನ ಪದಾರ್ಥ ಬೇಕಾಯಿತು. ದುಡಿಯಬೇಕು, ಹೊಟ್ಟೆಗೂ ಆಗಬೇಕು. ಹೀಗೆ ಮಠದ ಹೊಲವೂ ಕೊಟ್ಟಿಗೆಯೂ ಬೆಳೆದವು. ದುಡಿಮೆಯನ್ನು ಪೂಜೆಗಿಂತ ಕೀಳೆಂದು ಎಣಿಸಬಾರದೆಂಬ ಮಾತು ನಮಗೆ ಹೊಸದಲ್ಲ. ನಮ್ಮ ಶರಣರು 12ನೆಯ ಶತಮಾನದಲ್ಲಿ ಕಾಯಕವೆಂದು ಅದನ್ನೇ ಬೋಧಿಸಿದರು.

ಈಗ ಹೇಳುವ ಮಠವೂ ಅದೇ 12ನೆಯ ಶತಮಾನದ್ದು.

ಬೆಲ್ಲೆಲೆ ಮಠದ ಚೀಸು

ಸ್ವಿಟ್ಸರ್ಲೆಂಡಿನಲ್ಲಿ ಜೂರಾ ಎಂಬ ಬೆಟ್ಟಸಾಲಿದೆ. ಅಲ್ಲಿ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿ ಬೆಲ್ಲೆಲೆ ಎಂಬ ಸ್ಥಳ. ಬಿಳಿಯ ನಿಲುವಂಗಿ ತೊಡುವ ಒಂದು ಪಂಥದವರು ಅಲ್ಲಿ ಮಠ ಕಟ್ಟಿದರು. ಆ ಬೆಟ್ಟದಲ್ಲಿ ಬೆಳೆ ಕಷ್ಟ, ಹುಲ್ಲು ಸುಲಭ. ಬೇಸಗೆಯಲ್ಲಿ ಹುಲ್ಲು ಸೊಂಪು, ಹಾಲು ಹೊಳೆಯಂತೆ. ಚಳಿಗಾಲದಲ್ಲಿ ನೆಲವೆಲ್ಲ ಹಿಮ, ಹುಲ್ಲು ಕಾಣಿಸುವುದಿಲ್ಲ. ಹೆಚ್ಚಿದ್ದಾಗಿನ ಹಾಲನ್ನು ಇಲ್ಲದ ಕಾಲಕ್ಕೆ ಉಳಿಸುವುದು ಹೇಗೆ? ನಾವು ಬೆಣ್ಣೆ ತೆಗೆದು ತುಪ್ಪ ಕಾಯಿಸಿ ಉಳಿಸಿದೆವು. ಅವರ ಹವೆಗೆ ಚೀಸು ಒಗ್ಗಿತು. ಎರಡರ ಹಿಂದಿರುವ ಬುದ್ಧಿ ಒಂದೇ.

ಈ ಮಠದ ಚೀಸಿನ ಮಾತು ಮೊದಲಿಗೆ ಸಿಗುವುದು 1192ನೆಯ ಇಸವಿಯ ದಾಖಲೆಯಲ್ಲಿ. ಅದರಲ್ಲಿರುವ ವಿಷಯ ನಿಮಗೆ ಚೆನ್ನಾಗಿ ಅರ್ಥವಾಗುವಂಥದು: ಗೇಣಿ. ಮಠದವರು ತಾವು ಅನುಭವಿಸುತ್ತಿದ್ದ ಕೆಲವು ಆಸ್ತಿಗಳ ವಾರ್ಷಿಕ ಗೇಣಿಯನ್ನು ಹಣದ ಬದಲು ಚೀಸಿನ ರೂಪದಲ್ಲಿ ಅಳೆಯುತ್ತಿದ್ದರು. ನಮ್ಮಲ್ಲಿ ರಾಗಿ ಭತ್ತ ಅಳೆದಂತೆ. ಗೇಣಿಗೆ ಕೊಡುವ ಪದಾರ್ಥ ಕೆಟ್ಟದ್ದಾಗಿದ್ದರೆ ಯಾರೂ ತೆಗೆದುಕೊಳ್ಳುವುದಿಲ್ಲವಷ್ಟೆ. ಆದುದರಿಂದ ಆ ಚೀಸು ಆಗಲೇ ನಂಬಿಕೆ ಗಳಿಸಿತ್ತೆಂದು ತಿಳಿಯಬಹುದು.

ಇಂದು ಅದರ ಹೆಸರು 'ತೆತ್ ದ ಮ್ವಾನ್'. ಫ್ರೆಂಚ್ ಭಾಷೆಯಲ್ಲಿ 'ಸನ್ಯಾಸಿಯ ತಲೆ' ಎಂದರ್ಥ. ಈ ಹೆಸರು ಕಾಣಿಸಿಕೊಂಡದ್ದು ಬಹಳ ತಡವಾಗಿ, 18ನೆಯ ಶತಮಾನದ ಕೊನೆಯಲ್ಲಿ. ಏಕೆ ಈ ಹೆಸರು ಬಂತೆಂಬುದಕ್ಕೆ ಎರಡು ಮಾತಿದೆ. ಗುಂಡಗಿರುವ ಈ ಚೀಸಿನ ಮೇಲ್ಭಾಗವನ್ನು ಚಾಕುವಿನಿಂದ ಹೆರೆದಾಗ ನಡುವೆ ಬೋಳಾಗಿ ಅಂಚಿನಲ್ಲಿ ಕಂದು ಸಿಪ್ಪೆ ಉಳಿದು, ನೆತ್ತಿ ಬೋಳಿಸಿಕೊಂಡ ಸನ್ಯಾಸಿಯ ತಲೆಯಂತೆ ಕಾಣುತ್ತದೆ ಎಂಬುದು ಒಂದು. ಮಠದ ಉಗ್ರಾಣದಲ್ಲಿ ಒಬ್ಬೊಬ್ಬ ಸನ್ಯಾಸಿಗೆ ಇಷ್ಟಿಷ್ಟೆಂದು ತಲೆಯೆಣಿಸಿ ಚೀಸು ಇಡುತ್ತಿದ್ದರು ಎಂಬುದು ಇನ್ನೊಂದು. ನಾವು 'ತಲಾ ಎರಡು ಸೇರು' ಎನ್ನುವುದಿಲ್ಲವೆ? ಹಾಗೆ.

ಒಂದು ಚೀಸು ಮುಕ್ಕಾಲು ಕಿಲೋ, ಒಂದು ಕಿಲೋ ತೂಗುತ್ತದೆ. ಹಸಿ ಹಾಲಿನಿಂದಲೇ ಮಾಡತಕ್ಕದ್ದು, ಕಾಯಿಸುವಂತಿಲ್ಲ. ಒತ್ತಿ, ಉಪ್ಪುನೀರಿನಲ್ಲಿ ಮುಳುಗಿಸಿ, ತಂಪಾದ ತೇವದ ನೆಲಮಾಳಿಗೆಯಲ್ಲಿ ಸ್ಪ್ರೂಸ್ ಎಂಬ ಮರದ ಹಲಗೆಗಳ ಮೇಲೆ ಸಾಲಾಗಿ ಇಡುತ್ತಾರೆ. ಕಡಿಮೆಯೆಂದರೆ 75 ದಿನ ಅದು ಅಲ್ಲಿರಬೇಕು. ಸುಮ್ಮನೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಮತ್ತೆ ಮತ್ತೆ ಒಂದೊಂದನ್ನೂ ತಿರುವಿ ಹಾಕಿ ಉಪ್ಪುನೀರಿನಿಂದ ಉಜ್ಜಬೇಕು. ಹಾಗೆ ಉಜ್ಜಿದಾಗ ಕೆಟ್ಟ ಬೂಷ್ಟು ತಗ್ಗಿ, ಒಳ್ಳೆಯ ಜೀವಿಗಳು ಸಿಪ್ಪೆಯ ಮೇಲೆ ನೆಲೆನಿಂತು, ಸಿಪ್ಪೆ ಕೆಂಪುಕಂದು ಬಣ್ಣಕ್ಕೆ ತಿರುಗುತ್ತದೆ. ವಾಸನೆ ಜೋರು, ನಮ್ಮಲ್ಲಿ ಹಲವರಿಗೆ ಹಿಡಿಸಲಾರದು. ಆದರೆ ಅಲ್ಲಿಯವರಿಗೆ ಅದೇ ಸೊಗಸು.

ಮಠದಲ್ಲಿ ಈ ಕೆಲಸ ಏಕೆ ಚೆನ್ನಾಗಿ ನಡೆಯಿತು? ಮಂತ್ರದಿಂದಲ್ಲ. ಮಠದಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಕೆಲಸಕ್ಕೆ ನಿಲ್ಲಬೇಕು. ಈ ದಿನ ಹಬ್ಬ, ಈ ದಿನ ಮದುವೆ ಎಂದು ಚೀಸು ತಿರುವುವುದನ್ನು ತಪ್ಪಿಸುವವರಿಲ್ಲ. ಬರೆದಿಡಬಲ್ಲವರು ಅಲ್ಲಿದ್ದರು. ಒಬ್ಬ ಮುದುಕನಾದರೆ ಅವನ ಪಕ್ಕದಲ್ಲಿ ಕಲಿಯುವ ಎಳೆಯನಿದ್ದ. ಹೊತ್ತು ತಪ್ಪದಿರುವುದು, ಶುಚಿಯಾಗಿರುವುದು, ಕಲಿತದ್ದನ್ನು ಕಲಿಸುವುದು: ಇವು ಮೂರೇ ಆ ಮಠಗಳ ಗುಟ್ಟು. ಇವು ಮೂರೂ ಸಂಸಾರಿಗಳಾದ ನಮಗೂ ಸಾಧ್ಯವಾದವು.

ಮಠ ಹೋಯಿತು, ಚೀಸು ಉಳಿಯಿತು

1797ರಲ್ಲಿ ಫ್ರಾನ್ಸಿನ ಕ್ರಾಂತಿಕಾರಿ ಸೈನ್ಯ ಬಂದು ಬೆಲ್ಲೆಲೆ ಮಠದವರನ್ನು ಹೊರಗಟ್ಟಿತು. ಆರು ಶತಮಾನ ನಡೆದ ಮಠ ಮುಚ್ಚಿತು. ಮುಂದೆ ಆ ಕಟ್ಟಡ ಬಹುಕಾಲ ಆಸ್ಪತ್ರೆಯಾಗಿತ್ತು. ಸನ್ಯಾಸಿಗಳೊಡನೆ ಅವರ ಚೀಸೂ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಮಠದ ಜಮೀನಿನಲ್ಲಿದ್ದ ಒಕ್ಕಲುಮನೆಗಳಲ್ಲಿ ಆ ಕೆಲಸ ಬಲ್ಲ ಜನರಿದ್ದರು. ಅವರು ಮುಂದುವರಿಸಿದರು. ಬಳಿಕ ಸುತ್ತಲ ಹಳ್ಳಿಗಳ ಡೇರಿಗಳು ಅದನ್ನು ಕೈಗೆತ್ತಿಕೊಂಡವು. ಇಂದು ವರ್ಷಕ್ಕೆ ಎರಡು ಸಾವಿರ ಟನ್ನಿಗೂ ಮೇಲೆ ಈ ಚೀಸು ತಯಾರಾಗುತ್ತದೆ. ಮಾಡುವವರಲ್ಲಿ ಒಬ್ಬ ಸನ್ಯಾಸಿಯೂ ಇಲ್ಲ.

1980ರ ದಶಕದ ಆರಂಭದಲ್ಲಿ ಅದೇ ಜೂರಾ ಸೀಮೆಯ ನಿಕೋಲಾ ಕ್ರೆವ್ವಾಸ್ಯೇ ಎಂಬ ಯಂತ್ರಕುಶಲಿ ಒಂದು ಸಣ್ಣ ಸಾಧನ ಮಾಡಿದರು. ಹಲಗೆಯ ನಡುವೆ ಒಂದು ಕಡ್ಡಿ. ಅದಕ್ಕೆ ಚೀಸನ್ನು ಚುಚ್ಚಿ ನಿಲ್ಲಿಸಿ, ಮೇಲೆ ಅಲಗು ಸಿಕ್ಕಿಸಿ, ಹಿಡಿ ಹಿಡಿದು ತಿರುಗಿಸಿದರೆ ಚೀಸು ಹೂವಿನ ದಳದಂತೆ ಸುರುಳಿ ಸುರುಳಿಯಾಗಿ ಏಳುತ್ತದೆ. ನಮ್ಮ ಕಾಯಿತುರಿಯುವ ಮಣೆಯಷ್ಟೇ ಸರಳ. ಆ ಪುಟ್ಟ ಸಾಧನ ಬಂದ ಮೇಲೆ ಚೀಸಿನ ಮಾರಾಟ ಬಹಳ ಏರಿತು. 2001ರಲ್ಲಿ ಆ ಹೆಸರಿಗೆ ಸರ್ಕಾರದ ರಕ್ಷಣೆ ಸಿಕ್ಕಿತು: ಆ ಸೀಮೆಯಲ್ಲಿ, ಆ ಕ್ರಮದಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಮ್ಮ ನಂಜನಗೂಡು ರಸಬಾಳೆಗೆ, ಮೈಸೂರು ವೀಳ್ಯದೆಲೆಗೆ ಸಿಕ್ಕಿರುವ ಭೌಗೋಳಿಕ ಗುರುತಿನಂತೆಯೇ ಇದು.

ಎಲ್ಲ ಮಠಗಳ ಕಥೆಯೂ ಹೀಗೆಯೇ ಆಗಲಿಲ್ಲ. ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲಕ್ಕೆ ಓಡಿಹೋಗಿದ್ದ ಟ್ರಾಪಿಸ್ಟ್ ಪಂಥದ ಸನ್ಯಾಸಿಗಳು 1815ರ ಸುಮಾರಿಗೆ ಹಿಂದಿರುಗಿ ಲಾವಾಲ್ ಪಟ್ಟಣದ ಹತ್ತಿರ ಒಂದು ಮಠದಲ್ಲಿ ನೆಲಸಿದರು. ಅದಕ್ಕೆ 'ಪೋರ್ ದು ಸಾಲು', ಅಂದರೆ ಉದ್ಧಾರದ ರೇವು, ಎಂದು ಹೆಸರಿಟ್ಟರು. ತಮ್ಮ ಊಟಕ್ಕೆಂದು ಮಾಡಿದ ಚೀಸು ಸುತ್ತಲ ಊರುಗಳಿಗೆ ಹರಡಿ, 1873ರಲ್ಲಿ ಪ್ಯಾರಿಸ್ ಮುಟ್ಟಿ ಹೆಸರುವಾಸಿಯಾಯಿತು. ಬೇಡಿಕೆ ಬೆಳೆದು ಬೆಳೆದು, 1959ರಲ್ಲಿ ಮಠದವರು ಹೆಸರಿನ ಹಕ್ಕನ್ನು ಒಂದು ಕಂಪನಿಗೆ ಮಾರಿದರು. ಈಗ ಆ ಚೀಸು ಕಾರ್ಖಾನೆಯದು.

ಫ್ರಾನ್ಸಿನದೇ ಸವಾಯ್ ಬೆಟ್ಟಗಳಲ್ಲಿ ತಾಮಿಯೆ ಎಂಬ ಮಠವಿದೆ, 1132ರಲ್ಲಿ ಸ್ಥಾಪನೆಯಾದುದು. ಅಲ್ಲಿ ಇಂದಿಗೂ ಮಠದಲ್ಲಿಯೇ ಚೀಸು ಮಾಡುತ್ತಾರೆ. ಹಾಲು ಮಾತ್ರ ಮಠದ್ದಲ್ಲ, ಸುತ್ತಲ ರೈತರದು. ರೈತ ಕೆಟ್ಟ ಹಾಲು ತಂದರೆ ಮಠದ ಹೆಸರು ಕೆಡುತ್ತದೆ. ಮಠ ಚೀಸು ಕೆಡಿಸಿದರೆ ರೈತನ ಹಾಲಿಗೆ ಬೆಲೆಯಿಲ್ಲ. ಅವರು ಹಾಲೊಡಕನ್ನೂ ಚೆಲ್ಲುವುದಿಲ್ಲ. ನಮ್ಮ ಗೋಬರ್ ಗ್ಯಾಸಿನಂತೆ ಅದರಿಂದ ಅನಿಲ ಮಾಡಿ ಮಠಕ್ಕೆ ಬಿಸಿನೀರು ಕಾಯಿಸುತ್ತಾರೆ.

ಇಷ್ಟು ದೂರವೇಕೆ? ನಮ್ಮ ಬೆಂಗಳೂರಿನಲ್ಲೇ ಇಟಲಿಯ ವಲ್ಲೊಂಬ್ರೋಸ ಎಂಬ ಶಾಖೆಗೆ ಸೇರಿದ ಬೆನೆಡಿಕ್ಟ್ ಪಂಥದ ಸನ್ಯಾಸಿಗಳು 2000ದ ದಶಕದಲ್ಲಿ ಮೊಟ್ಸರೆಲ್ಲ ಎಂಬ ಹಸಿ ಚೀಸಿನ ತಯಾರಿಕೆಯನ್ನು ಕೈಗೊಂಡರು. ಅದಕ್ಕೆ ತಿಂಗಳುಗಟ್ಟಲೆ ಮಾಗುವ ಅಗತ್ಯವಿಲ್ಲ. ಒಳ್ಳೆಯ ಹಾಲಿನ ಅಗತ್ಯ ಮಾತ್ರ ಅದೇ.

ಹಾಲಿನ ನಿಜ ಹೊರಬೀಳುವ ಜಾಗ

ಈಗ ನಮ್ಮ ಮೇಷ್ಟ್ರ ಮಾತಿಗೆ ಬರೋಣ. ಚೀಸಿನ ಕಡಾಯಿಗೆ ಹತ್ತು ಮನೆಯ ಹಾಲು ಬೀಳುತ್ತದೆಂದು ಇಟ್ಟುಕೊಳ್ಳಿ. ಅದರಲ್ಲಿ ಒಂದು ಮನೆಯ ಹಸುವಿಗೆ ಕೆಚ್ಚಲು ಬಾವಿಗೆ ಇಂಜೆಕ್ಷನ್ ಆಗಿದೆ. ಆ ಔಷಧ ಹಾಲಿಗೆ ಇಳಿಯುತ್ತದೆ. ರೋಗದ ಕ್ರಿಮಿಯನ್ನು ಕೊಲ್ಲುವ ಔಷಧ ಹೆಪ್ಪಿನ ಒಳ್ಳೆಯ ಜೀವಿಯನ್ನೂ ಕೊಲ್ಲುತ್ತದೆ. ಅದಕ್ಕೆ ಭೇದ ತಿಳಿಯದು. ಆಗ ಹುಳಿ ಏರುವುದಿಲ್ಲ, ಕಡಾಯಿಯೆಲ್ಲ ಕೆಟ್ಟಿತು. ನಿಮ್ಮ ಮನೆಯಲ್ಲೂ ಇದನ್ನು ಕಂಡಿರಬಹುದು. ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗದೆ ನೀರುನೀರಾಗಿದ್ದರೆ, ಹಸುವಿಗೆ ಈಚೆಗೆ ಔಷಧ ಕೊಡಿಸಿದ್ದೀರೇ ಎಂದು ನೆನಪು ಮಾಡಿಕೊಳ್ಳಿ.

ಇನ್ನೊಂದು ಸಂಗತಿ. ಬೆಲ್ಲೆಲೆಯ ಚೀಸಿಗೆ ಹಾಲು ಕೊಡುವ ರೈತರು ಹಸುಗಳಿಗೆ ರಸಮೇವು ತಿನ್ನಿಸಬಾರದೆಂಬ ಕಟ್ಟಳೆಯಿದೆ. ರಸಮೇವಿನಲ್ಲಿ ಕೆಲವೊಮ್ಮೆ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಾಣುಗಳಿರುತ್ತವೆ. ಸಗಣಿಯ ಮೂಲಕ, ಕೊಳೆಯಾದ ಕೆಚ್ಚಲಿನ ಮೂಲಕ ಅವು ಹಾಲಿಗೆ ಸೇರುತ್ತವೆ. ಅಂದಿಗೆ ಏನೂ ತಿಳಿಯುವುದಿಲ್ಲ. ವಾರಗಳ ಮೇಲೆ, ಮಾಗುತ್ತಿರುವ ಚೀಸು ಒಳಗೊಳಗೆ ಉಬ್ಬಿ ಬಿರುಕು ಬಿಡುತ್ತದೆ. ಅಷ್ಟು ದಿನದ ಶ್ರಮವೂ ಹಾಲೂ ವ್ಯರ್ಥ. ಇದನ್ನು ಕೇಳಿ ನೀವು ರಸಮೇವು ಮಾಡುವುದನ್ನು ಬಿಡಬೇಡಿರಿ. ಆ ಕಟ್ಟಳೆ ಅಂಥ ಹಸಿ ಹಾಲಿನ ಚೀಸಿಗೆ ಮಾತ್ರ. ನಮ್ಮ ಹಾಲಿಗೆ ರಸಮೇವು ಒಳ್ಳೆಯದೇ. ಕರೆಯುವ ಹೊತ್ತಿನಲ್ಲಿ ಹಾಕದೆ ಕರೆದ ಮೇಲೆ ಹಾಕಿದರೆ ಹಾಲಿಗೆ ವಾಸನೆಯೂ ಹಿಡಿಯುವುದಿಲ್ಲ.

ಕಡಾಯಿಗೆ ಬಿದ್ದ ಮೇಲೆ ಇದು ನನ್ನ ಹಾಲು, ಅದು ನಿನ್ನ ಹಾಲು ಎಂಬುದಿಲ್ಲ. ನಮ್ಮ ಹಳ್ಳಿಯ ಕ್ಯಾನೂ, ಹಾಲು ತಣಿಸುವ ಟ್ಯಾಂಕೂ ಆ ಕಡಾಯಿಯಂಥವೇ. ಮನೆ ಮನೆಗೂ ಬೇರೆ ಬೇರೆ ಕೊಟ್ಟಿಗೆ. ಊರಿಗೆಲ್ಲ ಒಂದೇ ಟ್ಯಾಂಕು. ಆ ಮೂವತ್ತು ಮನೆಯವರಿಗೆ ನಷ್ಟವಾದದ್ದು ಹೀಗೆ.

"ಕಾಯಿಸಿದರೆ ಔಷಧ ಹೋಗುವುದಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಕ್ರಿಮಿಗಳು ಸಾಯುತ್ತವೆ, ಆದರೆ ಇಂಥ ಔಷಧಗಳಲ್ಲಿ ಹೆಚ್ಚಿನವು ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲು ಕುಡಿದವರಲ್ಲಿ ಕೆಲವರಿಗೆ ಮೈಮೇಲೆ ಗಂಧೆ ಏಳಬಹುದು. ಕ್ರಿಮಿಗಳು ಆ ಔಷಧಕ್ಕೆ ಒಗ್ಗಿಹೋದರೆ, ನಾಳೆ ನಮ್ಮ ಮಕ್ಕಳಿಗೆ ಕಾಯಿಲೆಯಾದಾಗ ಅದೇ ಜಾತಿಯ ಔಷಧ ನಾಟದೆ ಹೋಗಬಹುದು. ಹಾಲು ವಾಪಸಾಗುವುದು ಒಂದು ದಿನದ ನಷ್ಟ. ಇದು ಅದಕ್ಕಿಂತ ದೊಡ್ಡದು.

ನಾವು ಮಾಡಬೇಕಾದುದು

ಊರಿಗೆ ಹೋಗಿ ಎಲ್ಲರೂ ಚೀಸು ಮಾಡಿರೆಂದು ನಾನು ಹೇಳುವುದಿಲ್ಲ. ನಮ್ಮ ಸೆಕೆಯಲ್ಲಿ ಶೀತಕೋಣೆಯಿಲ್ಲದೆ ಮಾಗಿಸುವ ಚೀಸು ಆಗದು. ಹಸಿ ಹಾಲಿನಲ್ಲಿ ಮನೆಯಲ್ಲೇ ಪ್ರಯೋಗ ಮಾಡುವುದು ಅಪಾಯವೂ ಹೌದು. ಸನ್ಯಾಸಿಗಳಿಂದ ನಾವು ತರಬೇಕಾದುದು ಅವರ ಕಟ್ಟಳೆಯನ್ನು. ಅದನ್ನು ನಮ್ಮ ಕೊಟ್ಟಿಗೆಗೆ ಹೊಂದುವಂತೆ ಹೇಳುತ್ತೇನೆ.

1. ಕರೆಯುವ ಮುಂಚೆ ಕೈ ತೊಳೆಯಿರಿ. ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸಿರಿ. ಒದ್ದೆ ಕೆಚ್ಚಲಿನಿಂದ ತೊಟ್ಟಿಕ್ಕುವ ನೀರೇ ಕೊಳೆಯನ್ನು ಹಾಲಿಗೆ ಇಳಿಸುತ್ತದೆ. ಒಂದು ಹಸುವಿಗೆ ಬಳಸಿದ ಬಟ್ಟೆಯನ್ನು ಇನ್ನೊಂದಕ್ಕೆ ಬಳಸಬೇಡಿರಿ.

2. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಪಾತ್ರೆಗೆ ಹಿಂಡದೆ, ಒಂದು ಕಪ್ಪು ತಟ್ಟೆಗೆ ಹಿಂಡಿ ನೋಡಿರಿ. ಕಪ್ಪಿನ ಮೇಲೆ ಬಿಳಿ ಗರಣೆ, ಎಳೆ, ನೀರಾದ ಹಾಲು ಚೆನ್ನಾಗಿ ಕಾಣುತ್ತವೆ. ಕಂಡರೆ ಅದು ಕೆಚ್ಚಲು ಬಾವಿನ ಸೂಚನೆ. ಅಂಥ ಹಸುವನ್ನು ಕೊನೆಗೆ ಕರೆಯಿರಿ; ಆ ಹಾಲನ್ನು ಬೇರೆ ಇಡಿರಿ; ತಡಮಾಡದೆ ಪಶುವೈದ್ಯರನ್ನು ಕರೆಸಿರಿ.

3. ಕರೆದಾದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮೇವು ಹಾಕಿ ನಿಲ್ಲಿಸಿರಿ. ಕರೆದ ಕೂಡಲೆ ಮೊಲೆತೊಟ್ಟಿನ ರಂಧ್ರ ತೆರೆದಿರುತ್ತದೆ. ಆಗ ಸಗಣಿಯ ಮೇಲೆ ಮಲಗಿದರೆ ಬಾವಿಗೆ ನಾವೇ ಬಾಗಿಲು ತೆರೆದಂತೆ.

4. ಪಾತ್ರೆ ಸ್ಟೀಲಿನದಿರಲಿ. ತೊಳೆದು ಬಿಸಿಲಿಗೆ ಬೋರಲು ಹಾಕಿರಿ. ಸಂಜೆಯ ಹಾಲನ್ನು ಉಳಿಸಿಕೊಂಡು ಬೆಳಗಿನದಕ್ಕೆ ಸೇರಿಸಬೇಡಿರಿ. ಕರೆದ ಹಾಲು ಬೇಗ ಡೇರಿ ಸೇರಿದಷ್ಟೂ ಬೇಗ ತಣ್ಣಗಾಗುತ್ತದೆ.

5. ಹಸುವಿಗೆ ಯಾವ ಇಂಜೆಕ್ಷನ್, ಯಾವ ಮದ್ದು ಕೊಡಿಸಿದರೂ "ಎಷ್ಟು ದಿನ ಹಾಲು ಹಾಕಬಾರದು ಡಾಕ್ಟ್ರೇ?" ಎಂದು ಕೇಳದೆ ಅವರನ್ನು ಕಳಿಸಬೇಡಿರಿ. ಒಂದೊಂದು ಔಷಧಕ್ಕೆ ಒಂದೊಂದು ಅವಧಿ. ಅಷ್ಟು ದಿನವೂ ಆ ಹಾಲು ಕ್ಯಾನಿಗೂ ಬೇಡ, ಮನೆಗೂ ಬೇಡ, ಕರುವಿಗೂ ಬೇಡ, ತಿಪ್ಪೆಗುಂಡಿಗೆ ಹಾಕಿರಿ. ಬಾವು ಒಂದೇ ಮೊಲೆಯಲ್ಲಿದ್ದರೂ ನಾಲ್ಕೂ ಮೊಲೆಯ ಹಾಲು ಹಾಗೆಯೇ.

6. ಔಷಧ ಕೊಡಿಸಿದ ಹಸುವಿನ ಕೊರಳಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿರಿ. ಮನೆಯಲ್ಲಿ ಕರೆಯುವವರು ದಿನಕ್ಕೊಬ್ಬರು. ಅತ್ತೆಗೆ ತಿಳಿದದ್ದು ಸೊಸೆಗೆ ತಿಳಿದಿರಬೇಕೆಂದಿಲ್ಲ. ಕೆಂಪು ಬಟ್ಟೆ ಎಲ್ಲರಿಗೂ ಹೇಳುತ್ತದೆ.

ಇನ್ನು ಕೊನೆಯ ಮಾತು, ಕಷ್ಟದ ಮಾತು. ಎರಡು ಹಸು ಇರುವ ಮನೆಯವರು ನಾಲ್ಕು ದಿನ ಒಂದು ಹಸುವಿನ ಹಾಲನ್ನು ತಿಪ್ಪೆಗೆ ಸುರಿಯುವುದೆಂದರೆ ಆ ವಾರದ ಬಟವಾಡೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋದಂತೆ. ಹಿಂಡಿಯವನಿಗೆ ಕೊಡಬೇಕು, ಮಗುವಿಗೆ ಪುಸ್ತಕ ತರಬೇಕು. "ಚೂರು ಹಾಲು, ಯಾರಿಗೆ ಗೊತ್ತಾಗುತ್ತದೆ?" ಎಂಬ ಯೋಚನೆ ಬರುವುದು ಅಲ್ಲಿಯೇ. ಬಡತನಕ್ಕೆ ಬರೀ ಬುದ್ಧಿ ಹೇಳಿದರೆ ಸಾಲದೆಂಬುದು ನನಗೂ ತಿಳಿದಿದೆ. ಆದುದರಿಂದ ನನ್ನದೊಂದು ಸೂಚನೆ: ಔಷಧದ ದಿನಗಳಲ್ಲಿ ತಾವಾಗಿಯೇ ಬಂದು ಹೇಳಿ ಹಾಲು ನಿಲ್ಲಿಸಿದ ಮನೆಯ ನಷ್ಟದಲ್ಲಿ ಒಂದು ಪಾಲನ್ನು ಎಲ್ಲರೂ ಹೊರಲು ಆಗುತ್ತದೆಯೇ ಎಂದು ಸಂಘದ ಸಭೆಯಲ್ಲಿ ನೀವೇ ಕೂತು ಯೋಚಿಸಿರಿ. ಒಬ್ಬರ ನಾಲ್ಕು ಲೀಟರಿಗೆ ಎಲ್ಲರೂ ಸ್ವಲ್ಪ ಸ್ವಲ್ಪ ಕೊಡುವುದು ಅಗ್ಗವೋ, ಎಲ್ಲರ ಟ್ಯಾಂಕು ಚರಂಡಿಗೆ ಹೋಗುವುದು ಅಗ್ಗವೋ, ಲೆಕ್ಕ ಹಾಕಿರಿ. ಏನೇ ತೀರ್ಮಾನ ಮಾಡಿದರೂ, ಬಂದು ಹೇಳಿದವರನ್ನು ಮಾತ್ರ ಬೈಯಬೇಡಿರಿ. ಹೇಳಿದವರನ್ನು ಬೈದ ಊರಿನಲ್ಲಿ ಮುಂದಿನವರು ಬಾಯಿ ಬಿಡುವುದಿಲ್ಲ.

ಆ ತಾಯಿಯ ಮನೆಗೆ ನಾನು ಮತ್ತೆ ಹೋಗಿದ್ದೆ. ತಪ್ಪು ನನ್ನದೆಂದು ಅವರಿಗೂ ಹೇಳಿದೆ, ಊರವರಿಗೂ ಹೇಳಿದೆ. ಈಗ ಅವರ ಕೊಟ್ಟಿಗೆಯ ಗೂಟದಲ್ಲಿ ಒಂದು ಕೆಂಪು ಬಟ್ಟೆ ಸದಾ ನೇತಾಡುತ್ತಿರುತ್ತದೆ. ನೆರೆಮನೆಯವರು ಬೇಕಾದಾಗ ಇಸಿದುಕೊಂಡು ಹೋಗುತ್ತಾರೆ.

ಬೆಲ್ಲೆಲೆಯಲ್ಲಿ ಮಠ ಹೋದರೂ ಚೀಸು ಉಳಿದದ್ದು, ಮಠದವರ ಕಟ್ಟಳೆ ಒಕ್ಕಲುಮನೆಗಳಲ್ಲಿ ಬೇರುಬಿಟ್ಟಿದ್ದುದರಿಂದ. ನಾನೂ ಈ ವಲಯದಲ್ಲಿ ಶಾಶ್ವತವಲ್ಲ. ವರ್ಗವಾಗಿ ಹೋಗುತ್ತೇನೆ, ಇನ್ನೊಬ್ಬರು ಬರುತ್ತಾರೆ. ಹಾಲಿನ ಕಟ್ಟಳೆ ನಿಮ್ಮ ಕೊಟ್ಟಿಗೆಯಲ್ಲಿ ಉಳಿಯಬೇಕು. ನಾಳೆ ಬೆಳಿಗ್ಗೆ ಕರೆಯಲು ಕೂರುವಾಗ ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿರಿ. ಅಲ್ಲಿಂದಲೇ ಪ್ರಾರಂಭವಾಗಲಿ.